ಮೇಲ್ಕಟ್ಟಿನ ಮೇಲಿನ ಹೆಂಚು

"ಬುದ್ಧೀ, ಇನ್ನು ಯಾವ ವ್ರತ ಹಿಡಿಯಲಿ?" ಎಂದು ಮರುಳಯ್ಯ ಕೇಳಿದ.

ಸಂಜೆಯ ಪೂಜೆ ಮುಗಿದಿತ್ತು. ಗುರುಗಳು ಮಠದ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಬೆಳಗಿನಿಂದ ಬಂದವರ ಅಹವಾಲು ಕೇಳಿ ಅವರಿಗೂ ದಣಿವಾಗಿತ್ತು.

"ಹಿಡಿದಿರುವುದು ಸಾಲದೆ?"

"ಒಪ್ಪೊತ್ತು ಉಣ್ಣುತ್ತಿದ್ದೇನೆ. ಹಾಸಿಗೆ ಬಿಟ್ಟೆ. ಉಪ್ಪು ಬಿಟ್ಟೆ. ಸೋಮವಾರ ಮಾತು ಬಿಟ್ಟೆ. ಒಂದೊಂದು ಹಿಡಿದಾಗಲೂ ಸ್ವಲ್ಪ ದಿನ ಮನಸ್ಸು ತಣ್ಣಗಿರುತ್ತದೆ. ಆಮೇಲೆ ಮತ್ತೆ ಅದೇ ಕೂಗು. ಸಾಕಾಗಿಹೋಗಿದೆ, ಬುದ್ಧೀ."

ಯಾವ ಕೂಗೆಂದು ಗುರುಗಳಿಗೆ ಗೊತ್ತಿತ್ತು. ಮರುಳಯ್ಯ ಎಷ್ಟೋ ವರ್ಷಗಳ ಹಿಂದೆ ತಮ್ಮನೊಡನೆ ಜಗಳವಾಡಿ ಮನೆ ಬಿಟ್ಟು ಮಠ ಸೇರಿದವನು. ಹೊರಟ ದಿನ ಆ ತಮ್ಮನು ಓಣಿಯ ಕೊನೆಯವರೆಗೂ ಹಿಂದೆ ಬಂದು "ಅಣ್ಣಾ" ಎಂದು ಕೂಗಿದ್ದ. ಇವನು ತಿರುಗಿ ನೋಡಿರಲಿಲ್ಲ.

"ಹೋಗಿ ನೋಡಿಬರೋಣವೆಂದರೆ, ಬಿಟ್ಟು ಬಂದ ಮನೆಯ ಹೊಸ್ತಿಲನ್ನು ವಿರಕ್ತನಾದವನು ತುಳಿಯಬಾರದು. ನಿಯಮ," ಎಂದ ಮರುಳಯ್ಯ.

"ಹೌದು, ನಿಯಮ," ಎಂದರು ಗುರುಗಳು. ಕಣ್ಣು ಮುಚ್ಚಿಕೊಂಡೇ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಅಮ್ಮನ ಗುಡಿಯೊಂದಿತ್ತು. ಹೆಂಚಿನ ಮಾಡು. ಮರದಲ್ಲಿ ಕಡೆದು ಬಣ್ಣ ಹಚ್ಚಿದ ವಿಗ್ರಹ. ಅದಕ್ಕೊಬ್ಬ ಪೂಜಾರಿ. ಒಂದು ಮುಂಗಾರಿನ ಬೆಳಗ್ಗೆ ಅವನು ಬಾಗಿಲು ತೆಗೆದಾಗ ಅಮ್ಮನ ನೆತ್ತಿಯ ಮೇಲೆ ಒಂದು ಹನಿ ನೀರಿತ್ತು. ಒರೆಸಿದ. ಇನ್ನೊಂದು ಬಿತ್ತು. ತಲೆಯೆತ್ತಿ ನೋಡಿದ. ಒಂದು ಹೆಂಚು ಜರುಗಿತ್ತು. ಬೆಕ್ಕು ಓಡಾಡಿರಬೇಕು.

ಏಣಿ ಹಾಕಿ ಹತ್ತಿ ಹೆಂಚನ್ನು ಸರಿಸಿದರೆ ಮುಗಿಯಿತು. ಹತ್ತುವುದು ಹೇಗೆ? ಗರ್ಭಗುಡಿಯ ಮಾಡಿನ ಮೇಲೆ ಕಾಲಿಡುವುದೂ ಅಮ್ಮನ ತಲೆಯ ಮೇಲೆ ಕಾಲಿಡುವುದೂ ಒಂದೇ. ದಾರಿ ಇಲ್ಲದೆ ಇರಲಿಲ್ಲ. ಊರಿಗೆ ತಿಳಿಸಿ, ಅಮ್ಮನನ್ನು ಕಲಶಕ್ಕೆ ಬರಮಾಡಿಕೊಂಡು ಹೊರಗೆ ಕೂರಿಸಿದರೆ ಆಮೇಲೆ ಯಾರು ಬೇಕಾದರೂ ಹತ್ತಬಹುದು. ಆದರೆ ಊರಿಗೆ ತಿಳಿಸುವುದೆಂದರೆ, ಅಮ್ಮನ ತಲೆಯ ಮೇಲೆ ಸೋರುವವರೆಗೆ ಪೂಜಾರಿ ಏನು ಮಾಡುತ್ತಿದ್ದ ಎಂದು ತಾನೇ ಡಂಗುರ ಹೊಡೆಸಿದಂತೆ. ಮಳೆಗಾಲ ಕಳೆಯಲಿ, ನೋಡೋಣ ಎಂದುಕೊಂಡ. ಹೆಂಡತಿಯ ಧಾರೆ ಸೀರೆ ತಂದು, ನಾಲ್ಕು ಮೂಲೆಗೂ ಹಗ್ಗ ಬಿಗಿದು, ಅಮ್ಮನ ತಲೆಯ ಮೇಲೆ ಅಡ್ಡಲಾಗಿ ಕಟ್ಟಿದ. ಹನಿ ಸೀರೆಯ ಮೇಲೆ ಬಿತ್ತು. ಅಮ್ಮನ ಮೇಲೆ ಬೀಳಲಿಲ್ಲ.

ಮಾರನೆಯ ದಿನ ಒಬ್ಬ ವರ್ತಕ ಬಂದ. ತಲೆಯೆತ್ತಿ ನೋಡಿ ಕೈ ಮುಗಿದ.

"ಅಮ್ಮನಿಗೆ ಮೇಲ್ಕಟ್ಟು ಕಟ್ಟಿದೆಯಾ, ಪೂಜಾರಪ್ಪ! ಮನೆಯಾಕೆಯ ಸೀರೆಯೋ? ಭಕ್ತಿ ಅಂದರೆ ಇದು. ನಾವೂ ಇದ್ದೇವೆ, ಬರುತ್ತೇವೆ, ಗಂಟೆ ಹೊಡೆಯುತ್ತೇವೆ, ಹೋಗುತ್ತೇವೆ."

ನಿಜ ಸಂಗತಿ ಪೂಜಾರಿಯ ನಾಲಿಗೆಯ ತುದಿಯವರೆಗೆ ಬಂತು. ಅವನು ತೀರ್ಥ ಕೊಟ್ಟ.

ವಾರ ಕಳೆಯುವುದರೊಳಗೆ ವರ್ತಕ ಜರಿಯ ಮೇಲ್ಕಟ್ಟು ಹೊಲಿಸಿ ತಂದ. ಅಮ್ಮನಿಗೆ ಒಪ್ಪಿಸಿದ್ದನ್ನು ಕೆಳಗಿಳಿಸುವ ಪದ್ಧತಿಯಿಲ್ಲ. ಆದುದರಿಂದ ಸೀರೆ ಮೇಲೆಯೇ ಉಳಿಯಿತು, ಜರಿಯದು ಅದರ ಕೆಳಗೆ ಬಂತು. ಮಳೆಗಾಲ ಕಳೆಯಿತು. ಒಣ ದಿನಗಳಲ್ಲಿ ಸೋರುವ ಮಾಡನ್ನು ಯಾರು ನೆನೆಯುತ್ತಾರೆ? ಪೂಜಾರಿಯೂ ಮರೆತ. ಮರುವರ್ಷದ ಮಳೆ ನೆನಪಿಸಿತು. ಜರಿಯ ನಡುವೆ ತಟ್ಟೆಯಗಲ ಹಳದಿ ಕಲೆ ಎದ್ದಿತು. ಜನ ಕಾಣುವ ಮೊದಲು ಅವನೇ ಕಂಡ. ಅಂದಿನಿಂದ, ಅಮ್ಮನಿಗೆ ಏನು ಹರಸಿಕೊಳ್ಳಲಿ ಎಂದು ಯಾರು ಕೇಳಿದರೂ, "ಮೇಲ್ಕಟ್ಟು ಹರಸಿಕೊಳ್ಳಿ" ಎನ್ನತೊಡಗಿದ.

ಜನ ಹರಸಿಕೊಂಡರು. ಕೂಸು ಹುಟ್ಟಿದರೆ ಮೇಲ್ಕಟ್ಟು, ವ್ಯಾಜ್ಯ ಗೆದ್ದರೆ ಮೇಲ್ಕಟ್ಟು. ಒಂದಕ್ಕೆ ಕಲೆ ಬಿದ್ದರೆ ಅದರ ಕೆಳಗೆ ಇನ್ನೊಂದು. ಅಮ್ಮನ ಹಳೆಯ ಹೆಸರು ಮರೆತುಹೋಯಿತು. ಮೇಲ್ಕಟ್ಟಿನಮ್ಮ ಎಂದೇ ಕರೆದರು. ದೂರದ ಊರುಗಳಿಂದ ಗಾಡಿ ಕಟ್ಟಿಕೊಂಡು ಬಂದರು.

ಪೂಜಾರಿಗೆ ವಯಸ್ಸಾಯಿತು. ಹೆಂಡತಿ ತೀರಿಕೊಂಡಳು. ಹಗ್ಗ ಬಿಗಿದು ಬಿಗಿದು ತೋಳು ಸೋತವು. ಮೋಡ ಕಟ್ಟಿದರೆ ಊರಿಗೆ ಊರೇ ಹಿಗ್ಗುತ್ತಿತ್ತು; ಅವನೊಬ್ಬ ಮಾತ್ರ ನಿಟ್ಟುಸಿರು ಬಿಡುತ್ತಿದ್ದ. ಊರು ಅವನನ್ನು ಹೊಗಳಿದಷ್ಟೂ ಅವನಿಗೆ ಆ ಹೆಂಚಿನ ಮಾತೆತ್ತುವುದು ಕಷ್ಟವಾಗುತ್ತಿತ್ತು. ಮೊದಲ ದಿನ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಈಗ ಹೇಳಿದರೆ ಅಷ್ಟೂ ಮೇಲ್ಕಟ್ಟುಗಳ ಲೆಕ್ಕ ಹೇಳಬೇಕು.

ಮೇಲ್ಕಟ್ಟು ಇಳಿಯುತ್ತಾ ಇಳಿಯುತ್ತಾ ಅಮ್ಮನ ನೆತ್ತಿಗೆ ತಾಗಿತು. ಜೋಲುಬಿದ್ದ ಝಾಲರು ಮುಖವನ್ನು ಮುಚ್ಚಿತು. ಒಂದು ದಿನ ಒಬ್ಬ ಮುದುಕಿ ಹಣ್ಣುಕಾಯಿ ಹಿಡಿದು ನಿಂತಳು.

"ಏನಪ್ಪಾ, ಪಾದ ಕಾಣುತ್ತದೆ, ಮುಖ ಎಲ್ಲಿ?"

"ಬಗ್ಗಿ ನೋಡಬೇಕು, ಅಜ್ಜಿ."

"ಬಗ್ಗಿಯೇ ಇದ್ದೀನಲ್ಲೋ, ಈ ನಡು ಇನ್ನೆಷ್ಟು ಬಗ್ಗೀತು? ಅಮ್ಮನಿಗೇ ಚೂರು ಕೂತುಕೋ ಅಂತ ಹೇಳು."

ಸುತ್ತ ನಿಂತವರು ನಕ್ಕರು. ಪೂಜಾರಿಯೂ ನಕ್ಕ. ಪಂಡಿತನೊಬ್ಬ ಅಲ್ಲಿದ್ದ. ಬಗ್ಗದವನಿಗೆ ಇಲ್ಲಿ ದರ್ಶನವಿಲ್ಲ, ಎಂಥ ಕ್ಷೇತ್ರ ಎಂದು ಕೊಂಡಾಡಿದ. ಮುದುಕಿ ಮುಖ ಕಾಣದೆಯೇ ಹೋದಳು.

ಅದೇ ವರ್ಷ ಆ ಮೊದಲಿನ ವರ್ತಕ ಮೊಮ್ಮಗನ ನಾಮಕರಣಕ್ಕೆಂದು ಮುತ್ತಿನ ಅಂಚಿನ ಮೇಲ್ಕಟ್ಟು ಹೊರಿಸಿಕೊಂಡು ಬಂದ.

"ಎಲ್ಲಿ ಕಟ್ಟಲಿ, ಶೆಟ್ಟರೇ? ಜಾಗವಿಲ್ಲ."

"ಜಾಗ ಮಾಡು, ಪೂಜಾರಪ್ಪ. ನಾಳೆ ನಮ್ಮ ನೆಂಟರೆಲ್ಲ ಬರುತ್ತಾರೆ. ಕಟ್ಟಿ ಕಟ್ಟಿ ಪಳಗಿದ ಕೈ ನಿನ್ನದು."

ವರ್ತಕ ಹೋದ. ಮಧ್ಯಾಹ್ನ ಪೂಜಾರಿ ಬಾಗಿಲು ಹಾಕಿಕೊಂಡು, ಮುತ್ತಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ತೋಳು ಮೇಲೇಳಲಿಲ್ಲ. ಪಾಪಕ್ಕೆ ಹೆದರುವುದಕ್ಕೂ ತ್ರಾಣ ಬೇಕು. ಅವನಲ್ಲಿ ಅದೂ ಉಳಿದಿರಲಿಲ್ಲ. ಎದ್ದು ಕುಡುಗೋಲು ತಂದು ಹಗ್ಗಗಳನ್ನು ಕೊಯ್ದ.

ಮೇಲ್ಕಟ್ಟುಗಳು ಒಟ್ಟಿಗೆ ಬಿದ್ದವು. ಕೆಳಗಿನದರ ಝಾಲರು ಮಿರಿಮಿರಿ ಮಿಂಚುತ್ತಿತ್ತು, ನಡು ಒದ್ದೆಯಾಗಿತ್ತು. ಅದರ ಮೇಲಿನದರಲ್ಲಿ ಕಲೆ. ಅದಕ್ಕೂ ಮೇಲಿನವು ಕಪ್ಪಾಗಿ, ಬೂಷ್ಟು ಹಿಡಿದು, ಮುಟ್ಟಿದರೆ ಹರಿಯುತ್ತಿದ್ದವು. ಎಲ್ಲಕ್ಕೂ ಮೇಲಿದ್ದ ಧಾರೆ ಸೀರೆಯಲ್ಲಿ ಅಂಚು ಮಾತ್ರ ಉಳಿದಿತ್ತು. ಅವನು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ತಲೆಯೆತ್ತಿದ. ಜರುಗಿದ ಹೆಂಚಿನ ಸಂದಿಯಲ್ಲಿ ಅಂಗೈಯಗಲ ಆಕಾಶ ಕಂಡಿತು.

ಏಣಿ ಹಾಕಿದ. ಊರಿಗೆ ತಿಳಿಸಲಿಲ್ಲ, ಕಲಶ ಇಡಲಿಲ್ಲ. ಹತ್ತಿದ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ರೈತ ನಿಂತು, "ಪೂಜಾರಪ್ಪಾ, ಅಮ್ಮನ ತಲೆ ಮೇಲೆ ಕಾಲಿಟ್ಟಿದ್ದೀಯಲ್ಲೋ!" ಎಂದು ಕೂಗಿದ. ಪೂಜಾರಿ ಅಂಗೈಯಿಂದ ಹೆಂಚನ್ನು ತಳ್ಳಿದ. ಅದು ಜಾರಿ ತನ್ನ ಜಾಗದಲ್ಲಿ ಕೂತಿತು. ಅಷ್ಟೇ ಕೆಲಸ. ಅಷ್ಟಕ್ಕೆ ಒಂದು ಆಯುಷ್ಯ ಹಿಡಿದಿತ್ತು.

ಇಳಿದು ಬಂದು ಅಮ್ಮನ ಮುಖ ಒರೆಸಿದ. ಬಣ್ಣ ಹಾಗೆಯೇ ಇತ್ತು. ಕಣ್ಣು ಹಾಗೆಯೇ ಇದ್ದವು. ಮುಖಕ್ಕೆ ಆಸರೆಯಾಗಲೆಂದು ಇನ್ನೊಂದು ಕೈಯನ್ನು ತಲೆಯ ಹಿಂದಕ್ಕೆ ಇಟ್ಟ. ಮರ ನೆನೆದ ಹಿಟ್ಟಿನಂತೆ ಬೆರಳಿಗೆ ಬಂತು. ಹನಿ ಬಿದ್ದಿದ್ದರೆ ದಿನವೂ ಒರೆಸಬಹುದಿತ್ತು. ಮೇಲ್ಕಟ್ಟಿನ ಒದ್ದೆ ಬಟ್ಟೆ ಹಗಲೂ ಇರುಳೂ ನೆತ್ತಿಗೆ ಅಂಟಿಕೊಂಡೇ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಜಗಲಿಯ ದೀಪಕ್ಕೆ ಎಣ್ಣೆ ಮುಗಿಯುತ್ತಾ ಬಂದಿತ್ತು. ಮರುಳಯ್ಯ ಏಳಲಿಲ್ಲ.

"ಒಳಗಿನ ಮರ ಗಟ್ಟಿಯಿತ್ತೇ, ಬುದ್ಧೀ? ಅಮ್ಮ ಉಳಿದಳೇ?"

ಗುರುಗಳು ಕಣ್ಣು ತೆರೆದರು.

"ನಿನ್ನ ತಮ್ಮ ಬದುಕಿದ್ದಾನೆಯೇ, ಮರುಳಯ್ಯ?"