ಕಬಡ್ಡಿ ಭರಮಪ್ಪನ ರೊಟ್ಟಿ

ಹತ್ತಿರ ಬರ್ರಿ, ಮೆಲ್ಲಗ ಹೇಳತೀನಿ. ಈ ಮಾತು ಓಣಿ ದಾಟಿತೋ, ನನ್ನ ಆಣೆ ನಿಮಗ.

ಮಿಲ್ಲಿನವರು ಸಂಬಳ ಕೊಟ್ಟು ಕಬಡ್ಡಿ ತಂಡ ಕಟ್ಟಿದ ಹೊಸತು. ಆಟಗಾರರ ಊಟದ ಖರ್ಚೂ ಮಿಲ್ಲಿನದೇ. ಅಡುಗೆಯ ಸಕ್ರವ್ವನಿಗೆ ಮಕ್ಕಳಿಲ್ಲ. ತಂಡದ ಭರಮಪ್ಪ ‘ಅವ್ವಾ’ ಅಂದರೆ ಸಾಕು, ಆಕೆಗೆ ಹೊಟ್ಟೆ ತುಂಬುತ್ತಿತ್ತು.

ಒಂದು ದಿನ ಮ್ಯಾನೇಜರು ಮೀಸೆ ತಿರುವುತ್ತ ಬಂದ.

"ಭರಮ್ಯಾನ್ನ ಬ್ಯಾರೆ ಊರಿನ ಮಿಲ್ಲಿಗೆ ಕೊಟ್ಟು, ಅವರ ಇಬ್ಬರನ್ನ ತಗೋತೀವಿ. ನಾಳೆ ಅವರ ಸಾಹೇಬ್ರು ನೋಡಾಕ ಬರತಾರ. ಇವಗ ಛಲೋ ಉಣ್ಣಿಸು!"

ಸಕ್ರವ್ವ ಛಲೋನೇ ಉಣ್ಣಿಸಿದಳು. ಸಾಹೇಬರ ಎದುರಿಗೇ ರೊಟ್ಟಿಯ ಮೇಲೆ ರೊಟ್ಟಿ ಬಡಿಸಿದಳು. ಭರಮಪ್ಪ ಒಮ್ಮೆಯೂ ಸಾಕು ಅನ್ನಲಿಲ್ಲ. ಬುಟ್ಟಿ ಬರಿದಾಯಿತು.

"ದಿನಾ ಇಷ್ಟ ತಿಂತಾನೇನವ್ವಾ?" ಅಂದರು ಸಾಹೇಬರು.

"ಇಲ್ಲರೀ. ಇವತ್ತು ಹೊಟ್ಟಿ ಸರಿ ಇಲ್ಲ, ಕಡಿಮಿ ತಿಂದಾನ."

"ಇವನ್ನ ಸಾಕಿದರ ನಮ್ಮ ಮಿಲ್ಲು ಮುಳುಗತೈತಿ!" ಅಂತ ಸಾಹೇಬರು ಚಹಾ ಸಹ ಕುಡಿಯದೆ ಬಸ್ಸು ಹತ್ತಿದರು. ಸಕ್ರವ್ವ ಬಾಯಿಗೆ ಸೆರಗಿಟ್ಟು ನಕ್ಕಿದ್ದೇ ನಕ್ಕಿದ್ದು.

ಸಂಜೆ ಪಕ್ಕದ ಮನೆಯ ತುಂಗವ್ವ, ಭರಮಪ್ಪನ ಹೆತ್ತ ತಾಯಿ, ಬಾಗಿಲಲ್ಲಿ ಬಂದು ನಿಂತಳು.

"ಅಲ್ಲಿ ಅವಗ ಖಾಯಂ ನೌಕರಿ, ಇರಾಕ ಮನಿ ಕೊಡಾವ್ರಿದ್ರು. ಗಂಟು ಕಟ್ಟಿ ಇಟ್ಟಿದ್ದ. ಅವಗ ಹಸಿವಿರಲಿಲ್ಲ ಸಕ್ರವ್ವಾ. ನಿನ್ನ ಕೈಯಾಗಿನ ಕಡೀ ಊಟ, ಬ್ಯಾಡ ಅಂದ್ರ ನಿನಗ ನೋವಾದೀತು ಅಂತ ತಿಂದ."