ಏಡಿಕುಂಟೆಯ ಸಾಕ್ಷಿಗುಡ್ಡೆ

ಹುಣಸೆಹಟ್ಟಿ ದಾಟಿ ಕುರುಚಲು ಕಾವಲಿನೊಳಗೆ ಅರ್ಧ ಹರದಾರಿ ನಡೆದರೆ ಒಂದು ಕೊಳ ಸಿಗುತ್ತದೆ. ನಾಲ್ಕು ಕಡೆಯೂ ಕಲ್ಲು ಕಟ್ಟಿದ ದಂಡೆ. ಕಲ್ಲಿಗೂ ಕಲ್ಲಿಗೂ ನಡುವೆ ಚಾಕುವಿನ ಅಲಗು ತೂರದಷ್ಟು ಬಿಗಿ. ಇಷ್ಟು ಅಚ್ಚುಕಟ್ಟಾದ ಕೆಲಸದ ನಟ್ಟನಡುವೆ ಮಾತ್ರ, ಯಾರೋ ಮರೆತು ಹೋದಂತೆ, ಒಂದು ಮೊಂಡು ಮಣ್ಣುದಿಬ್ಬ ನಿಂತಿದೆ. ಅದರ ಮೈತುಂಬ ತೂತು, ಒಂದೊಂದು ತೂತಿಗೂ ಒಂದೊಂದು ಏಡಿ. ಸರ್ಕಾರಿ ದಫ್ತರದಲ್ಲಿ ಇದರ ಹೆಸರು ನಾಯಕನ ಕೊಳ ಎಂದಿದೆ. ದಫ್ತರದ ಹೆಸರು ದಫ್ತರದಲ್ಲೇ ಇರಲಿ. ದನ ಕಾಯುವವರಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ಏಡಿಕುಂಟೆ ಎನ್ನುತ್ತಾರೆ. ಕಟ್ಟಿಸಿದವನ ಹೆಸರು ಅಳಿದು ಏಡಿಯ ಹೆಸರು ಉಳಿದದ್ದು ಒಬ್ಬ ಹೆಂಗಸಿನ ಹಟದಿಂದ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಈ ಕಾವಲು ಗಿರಿಯಪ್ಪ ನಾಯಕನ ಖಾಸಾ ಬೇಟೆಯ ನೆಲವಾಗಿತ್ತು. ಪ್ರಾಯದಲ್ಲಿ ಹಂದಿಯ ಹಿಂದೆ ದಿನವಿಡೀ ಓಡಿದ್ದ ನಾಯಕನಿಗೆ ಐವತ್ತು ದಾಟಿದ ಮೇಲೆ ಹೊಟ್ಟೆ ಮುಂದಕ್ಕೆ ಬಂತು, ಮಂಡಿ ಮಾತು ಕೇಳದಾಯಿತು. ಬೇಟೆಯ ಚಪಲ ಮಾತ್ರ ಹಾಗೇ ಉಳಿಯಿತು. ಮಿಗದ ಬಳಿಗೆ ತಾನು ಹೋಗಲಾರದಿದ್ದರೆ ಮಿಗವೇ ತನ್ನ ಬಳಿಗೆ ಬರಲಿ ಎಂದುಕೊಂಡ. ಕಾವಲಿನಲ್ಲಿದ್ದ ಐದು ಒರತೆಗಳಿಗೂ ಕಲ್ಲು ತುಂಬಿಸಿ ಮುಚ್ಚಿಸಿ, ಮಧ್ಯದಲ್ಲಿ ಒಂದೇ ಒಂದು ಕೊಳ ತೋಡಿಸಲು ಹೊರಟ. ಕಡವೆಯೋ ಜಿಂಕೆಯೋ ಹಂದಿಯೋ, ಬಾಯಾರಿದರೆ ಅಲ್ಲಿಗೇ ಬರಬೇಕು. ಇಂಥ ಬೇಟೆಗೆ ಕಾಲು ಬೇಡ, ಗಾದಿ ಸಾಕು ಎಂದು ಊರವರು ಒಳಗೊಳಗೇ ನಕ್ಕರಂತೆ.

ಕೊಳ ತೋಡಲು ಬಂದವರು ಮಣ್ಣು ಕೆಲಸದ ಭೋವಿಗಳು. ಅವರ ಮೇಸ್ತ್ರಿ ಸುಂಕಪ್ಪ, ಅವನ ಹೆಂಡತಿ ಓಬಳಕ್ಕ. ಸುಂಕಪ್ಪನಿಗೆ ಮಣ್ಣಿನ ಗುಣ ವಾಸನೆಯಿಂದಲೇ ತಿಳಿಯುತ್ತಿತ್ತು. ಓಬಳಕ್ಕನಿಗೆ ಗಂಡನ ಮನಸ್ಸು ಅವನು ಗುದ್ದಲಿ ಕೆಳಗಿಡುವ ಸದ್ದಿನಿಂದಲೇ ತಿಳಿಯುತ್ತಿತ್ತು. ಅವರಲ್ಲೊಂದು ಪದ್ಧತಿ. ತೋಡುವಾಗ ನಡುವೆ ಒಂದು ಕಡೆ ಮಣ್ಣನ್ನು ಮುಟ್ಟದೆ ಕಂಬದಂತೆ ಬಿಡುತ್ತಾರೆ. ಮೊದಲು ನೆಲ ಎಷ್ಟು ಎತ್ತರದಲ್ಲಿತ್ತು, ಈಗ ಎಷ್ಟು ಆಳಕ್ಕೆ ಇಳಿದಿದೆ ಎಂದು ಅದು ತೋರಿಸುತ್ತದೆ. ಅದನ್ನೇ ಸಾಕ್ಷಿಗುಡ್ಡೆ ಎನ್ನುತ್ತಾರೆ. ಕೆಲಸ ಮುಗಿದು ಮೊದಲ ನೀರು ನಿಂತಾಗ ಮೇಸ್ತ್ರಿಯಾದವನು ಒಂದು ಬೊಗಸೆ ನೀರು ಕುಡಿದು, ತನ್ನ ಕೈಯಾರೆ ಆ ಗುಡ್ಡೆಯನ್ನು ಕಡಿದು ಹಾಕಬೇಕು. ಬೇರೆಯವರ ಗುದ್ದಲಿ ಅದಕ್ಕೆ ತಾಗಕೂಡದು. ಗುಡ್ಡೆ ನಿಂತಿರುವ ತನಕ ಕೊಳ ಕಟ್ಟಿದವನದೇ ಹೊರತು ಕಟ್ಟಿಸಿದವನದಲ್ಲ.

ಕೊಳ ಸಿದ್ಧವಾದಾಗ ನೋಡಲು ಬಂದ ನಾಯಕ ಕಲ್ಲಿನ ಕೆಲಸವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಗುಡ್ಡೆಯನ್ನೇ ನೋಡುತ್ತ ನಿಂತ. ಅದರ ಮೇಲೆ ಕೂತರೆ ನಾಲ್ಕು ದಂಡೆಯೂ ಕೋವಿಯ ಅಳವಿಗೆ ಸಿಗುತ್ತಿತ್ತು. "ಇದನ್ನ ಕಡೀಬ್ಯಾಡ, ನಮಗೆ ಕೂರಾಕೆ ಬೇಕು," ಎಂದ. "ದೊರೆ, ಸಾಕ್ಷಿ ನಿಂತ್ರೆ ನೀರು ಅದರ ಸೊಂಟ ತಿಂತದೆ. ಕಡೀದೆ ಬಿಡೋ ಪದ್ಧತಿ ನಮ್ಮಲ್ಲಿಲ್ಲ," ಎಂದು ಸುಂಕಪ್ಪ ಕೈಮುಗಿದ. "ನಿಮ್ಮಲ್ಲಿ ಇಲ್ದಿದ್ರೆ ನಮ್ಮಲ್ಲಿ ಇರ್ಲಿ ಬಿಡು," ಎಂದು ನಾಯಕ ನಕ್ಕುಬಿಟ್ಟ. ದಂಡೆಗೆ ಮನುಷ್ಯರ ವಾಸನೆ ಬಿದ್ದರೆ ಮಿಗ ಸುಳಿಯುವುದಿಲ್ಲವೆಂದು ಕೊಳದ ಸುತ್ತ ಕೂಗಳತೆಯಲ್ಲಿ ಸುಣ್ಣ ಬಳಿದ ಕಲ್ಲುಗಳನ್ನು ನೆಡಿಸಿದ. ಅಪ್ಪಣೆಯಿಲ್ಲದೆ ಆ ಕಲ್ಲು ದಾಟಿದವರ ತಲೆ ಉಳಿಯದು ಎಂದು ಡಂಗುರ ಸಾರಿಸಿದ.

ಮೊದಲ ಮಳೆಗೆ ಮೊಣಕಾಲುದ್ದ ನೀರು ನಿಂತ ಸಂಜೆ ಸುಂಕಪ್ಪ ಗುದ್ದಲಿಯನ್ನು ಹೆಗಲಿಗೇರಿಸಿದ. ಅರಸನ ಮುಂದೆ, ಕುದುರೆಯ ಹಿಂದೆ ಸುಳಿಯಬಾರದು ಎಂದು ಓಬಳಕ್ಕ ಎಷ್ಟು ತಡೆದರೂ ಕೇಳಲಿಲ್ಲ. ಅಪ್ಪ, ತಾತ ಯಾರೂ ಸಾಕ್ಷಿಯನ್ನು ನಿಲ್ಲಿಸಿ ಊರು ಬಿಟ್ಟವರಲ್ಲ ಎಂಬುದು ಅವನ ಮಾತು. ನೀರಿಗಿಳಿದು, ಬಗ್ಗಿ, ಬೊಗಸೆ ತುಂಬಿಕೊಂಡ. ದಂಡೆಯ ಪೊದೆಯ ಮರೆಯಲ್ಲಿ ನಾಯಕ ಕೂತಿದ್ದ. ಪಕ್ಕದಲ್ಲಿ ಕೋವಿಗೆ ಮದ್ದು ತುಂಬುವ ಮುದುಕ ಭರಮಣ್ಣ. "ದೊರೆ, ಮನುಷ್ಯ. ನಮ್ಮ ಸುಂಕಪ್ಪ," ಎಂದು ಭರಮಣ್ಣ ಪಿಸುಗುಟ್ಟಿದ. "ಕಾಣ್ತದೆ," ಎಂದ ನಾಯಕ, ಗುಂಡು ಹಾರಿಸಿದ.

ಕಡವೆಯೆಂದು ತಿಳಿದು ಹೊಡೆದದ್ದು, ಅವನ ಹಣೆಬರಹ ಎಂದು ಮಾರನೆಯ ದಿನ ಅರಮನೆಯಿಂದ ಮಾತು ಬಂತು. ಮಾತಿನ ಜೊತೆಗೆ ಓಬಳಕ್ಕನ ಗುಡಿಸಲಿಗೆ ಒಂದು ಜಿಂಕೆಯ ತೊಡೆಯೂ ಬಂತು. ಅದನ್ನು ಹೊತ್ತು ತಂದ ಭರಮಣ್ಣ ಕೆಳಗಿಡಲಾರದೆ ಅಳುತ್ತ ನಿಂತು, ನಡೆದದ್ದನ್ನೆಲ್ಲ ಹೇಳಿಬಿಟ್ಟ. ಓಬಳಕ್ಕ ಆ ಮಾಂಸವನ್ನು ಹಿತ್ತಿಲಲ್ಲಿ ಹೂತಳು. ತಂಡದವರು ಗಂಟುಮೂಟೆ ಕಟ್ಟಿ ಹೊರಟರೂ ಅವಳು ಹೊರಡಲಿಲ್ಲ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಊಟ, ನಿದ್ದೆ ಎರಡನ್ನೂ ತಿಂದುಹಾಕುವ ಸಿಟ್ಟು. ನಾಯಕ ಸಾಯಬೇಕು, ಆ ನೀರಿನಲ್ಲೇ ಸಾಯಬೇಕು. ಬೇರೆ ಯಾವ ನ್ಯಾಯವೂ ಅವಳಿಗೆ ಬೇಕಿರಲಿಲ್ಲ.

ಮಳೆಗಾಲ ಬಲಿತು ಕೊಳ ತುಂಬಿತು. ಬರಿಯ ನೀರು ನಾಯಕನಿಗೆ ಸಾಲಲಿಲ್ಲ. ಅದಕ್ಕೆ ಮೀನುಮರಿ ತಂದು ಬಿಟ್ಟರೆ ಕೊಕ್ಕರೆ, ಬಾತು ಇಳಿಯುತ್ತವೆ. ತಟ್ಟೆಗೂ ಆಯಿತು, ಕೋವಿಗೂ ಆಯಿತು. ಹೊಳೆ ಎರಡು ದಿನದ ದಾರಿ. ಅಲ್ಲಿಂದ ಮೀನುಮರಿ ಹೊತ್ತು ತರುತ್ತೇನೆ ಎಂದು ಓಬಳಕ್ಕ ತಾನಾಗಿಯೇ ಮುಂದೆ ಬಂದಳು. ಪಾಪ, ಹೊಟ್ಟೆಪಾಡು ಎಂದು ನಾಯಕ ಒಪ್ಪಿದ. ಹೊಳೆಯ ಬೆಸ್ತರ ಹತ್ತಿರ ಗೆಂಡೆಯ ಮರಿಗಳನ್ನು ಮಡಕೆಗೆ ತುಂಬಿಸಿಕೊಂಡಳು. ನಿಂತ ನೀರಿನಲ್ಲಿ ಮರಿ ಉಸಿರುಗಟ್ಟುತ್ತದೆಂದು ದಾರಿಯುದ್ದಕ್ಕೂ ಅಂಗೈಯಲ್ಲಿ ನೀರು ಕದಡುತ್ತ ನಡೆದಳು. ಗದ್ದೆ ಬಯಲಿನಲ್ಲಿ ಒಬ್ಬ ರೈತ ಏಡಿ ಕೊರೆದ ಬದುವಿಗೆ ಮಣ್ಣು ಮೆತ್ತುತ್ತ, ಏಡಿಯ ಏಳು ತಲೆಮಾರನ್ನೂ ಬೈಯುತ್ತಿದ್ದ. ಹಿಡಿದುಕೊಳ್ಳಲೇ ಎಂದು ಕೇಳಿದಳು. "ಒಯ್ಯವ್ವ ತಾಯಿ, ವಂಶಾನೇ ಒಯ್ಯಿ, ಪುಣ್ಯ ಬರ್ತದೆ!" ಎಂದ. ಹೊಟ್ಟೆಯಡಿ ಮರಿ ಕಟ್ಟಿಕೊಂಡ ತಾಯಿ ಏಡಿಗಳನ್ನೇ ಆರಿಸಿ, ಒದ್ದೆ ಹುಲ್ಲು ಹಾಸಿದ ಇನ್ನೊಂದು ಮಡಕೆಗೆ ತುಂಬಿದಳು. ಕೊಳದ ನಡುವಿಗೆ ತೆಪ್ಪದಲ್ಲಿ ಹೋಗಿ ಎಲ್ಲರೆದುರಿಗೇ ಮೀನುಮರಿ ಬಿಟ್ಟಳು. ಏಡಿಯ ಮಡಕೆಯನ್ನು ಗುಡ್ಡೆಯ ಆಚೆ ಮಗ್ಗುಲಿಗೆ ಬಗ್ಗಿಸಿದಳು.

ಏಡಿಗೆ ಮನೆ ಮಾಡಲು ಮಣ್ಣು ಬೇಕು. ನಾಲ್ಕು ದಂಡೆಯೂ ಸುಂಕಪ್ಪ ಕಟ್ಟಿದ ಕಲ್ಲು. ಅಲ್ಲಿ ಕೊಂಡಿ ಊರಲು ಜಾಗವಿಲ್ಲ. ನೀರಿನ ಮೇಲೆ ತಲೆಯೆತ್ತಿದ್ದ ಮಣ್ಣು ಆ ಗುಡ್ಡೆ ಒಂದೇ. ಮೀನಿಗೆ ಹಿಂಡಿ ಹಾಕುವ ಕೆಲಸ ಓಬಳಕ್ಕನದಾಯಿತು. ಕಲ್ಲು ದಾಟಲು ಅಪ್ಪಣೆಯೂ ಸಿಕ್ಕಿತು. ದಿನಾ ಬೆಳಗ್ಗೆ ತೆಪ್ಪವನ್ನು ಗುಡ್ಡೆಗೆ ಒತ್ತಿ ನಿಲ್ಲಿಸಿ ತೂತುಗಳೊಳಗೆ ಕೈಹಾಕಿ ನೋಡುವಳು. ಮೊದಲ ವರ್ಷ ಬೆರಳಿನಷ್ಟು ಒಳಗೆ ಹೋಯಿತು, ಎರಡನೆಯ ವರ್ಷ ಮೊಣಕೈವರೆಗೆ. ನಾಯಕ ಗುಡ್ಡೆಯ ಮೇಲೆ ಕಲ್ಲುಚಪ್ಪಡಿಯ ಪೀಠ ಹಾಕಿಸಿ, ಹುಲ್ಲಿನ ಮರೆ ಕಟ್ಟಿಸಿದ. ಚಪ್ಪಡಿ ಏರಿದ ದಿನ ಓಬಳಕ್ಕನಿಗೆ ಎಷ್ಟೋ ಕಾಲದ ಮೇಲೆ ಹಸಿವಾಯಿತಂತೆ. "ಇದೇನೇ ಇಷ್ಟೊಂದು ತೂತು?" ಎಂದು ನಾಯಕ ಒಮ್ಮೆ ಕೇಳಿದ. "ಏಡಿ, ದೊರೆ. ಏಡಿ ಇದ್ರೆ ಕೊಕ್ಕರೆ ಹೆಚ್ಚು ಬರ್ತವೆ," ಎಂದಳು. ಅದೂ ನಿಜವೇ. ಗೊರಸಿನ ಗುರುತು ನೋಡಿ ಕಡವೆಯ ವಯಸ್ಸು ಹೇಳುತ್ತಿದ್ದ ಬೇಟೆಗಾರನಿಗೆ ಮಣ್ಣಿನ ಗುರುತು ಓದಲು ಬರುತ್ತಿರಲಿಲ್ಲ.

ಮೂರನೆಯ ಮಳೆಗಾಲದಲ್ಲಿ, ಕೊಳ ತುಂಬಿ ತುಳುಕುತ್ತಿದ್ದ ಒಂದು ಬೆಳಗ್ಗೆ, ನಾಯಕ ಮೂವತ್ತು ಜನರೊಡನೆ ಬಂದ. ಜನವೆಲ್ಲ ಸುಣ್ಣದ ಕಲ್ಲಿನ ಆಚೆ ನಿಂತರು. ಕೋವಿ ತುಂಬಲು ಭರಮಣ್ಣ ನಾಯಕನ ಜೊತೆ ಗುಡ್ಡೆಯ ಮೇಲೆ ಕೂರಬೇಕಿತ್ತು. ತೆಪ್ಪದ ಹಗ್ಗ ಹಿಡಿದಿದ್ದ ಓಬಳಕ್ಕ, "ಭರಮಣ್ಣ, ಇವತ್ತು ನೀನು ಮ್ಯಾಲೆ ಕೂರಬ್ಯಾಡ," ಎಂದಳು, ಅಷ್ಟೇ. ಮುದುಕ ಅವಳ ಮುಖ ನೋಡಿದ, ಗುಡ್ಡೆಯ ಸೊಂಟ ನೋಡಿದ. "ದೊರೆ, ರಾತ್ರಿಯಿಂದ ಹೊಟ್ಟೆ ಕೆಟ್ಟೈತೆ. ವಾಸನೆಗೆ ಮಿಗ ಓಡಿದ್ರೆ ನನ್ನ ಬೈಬ್ಯಾಡ್ರಿ," ಎಂದ. ನಾಯಕ ಮೂಗು ಮುಚ್ಚಿಕೊಂಡು ಅವನನ್ನು ಅಟ್ಟಿದ. ಓಬಳಕ್ಕನೇ ತೆಪ್ಪ ನೂಕಿ ನಾಯಕನನ್ನು ಗುಡ್ಡೆಗೆ ಹತ್ತಿಸಿ, ದಂಡೆಗೆ ಮರಳಿ, ಪೊದೆಯ ಮರೆಯಲ್ಲಿ ಕೂತಳು.

ಕಡವೆಯ ಹಿಂಡು ನೀರಿಗೆ ಬಂತು. ನಾಯಕ ಎದ್ದು ನಿಂತು ಗುಂಡು ಹಾರಿಸಿದ. ಕೋವಿ ಒದ್ದ ಏಟಿಗೆ ಅವನು ಒಂದು ಹೆಜ್ಜೆ ಹಿಂದಕ್ಕೆ ಬಂದ. ಗುಡ್ಡೆ ಸೊಂಟ ಮುರಿದು, ಚಪ್ಪಡಿ, ಮರೆ, ನಾಯಕ ಎಲ್ಲವನ್ನೂ ಹೊತ್ತು ನೀರಿಗೆ ಮಗುಚಿತು. ಬಯಲುಸೀಮೆಯ ದೊರೆಗೆ ಈಜು ಎಲ್ಲಿಂದ ಬರಬೇಕು? ಮರೆಗೆ ಕಟ್ಟಿದ್ದ ಒಂದು ಗಳ ತಬ್ಬಿಕೊಂಡು, "ತೆಪ್ಪ ತರ್ರೋ!" ಎಂದು ಅರಚಿದ. ಮೂವತ್ತು ಜನಕ್ಕೂ ಕೇಳಿಸಿತು. ಹೀಗೆ ಅರಚಿದ್ದು ಕಲ್ಲು ದಾಟಲು ಕೊಟ್ಟ ಅಪ್ಪಣೆಯೋ ಅಲ್ಲವೋ ಎಂದು ಅವರು ಭರಮಣ್ಣನ ಮುಖ ನೋಡಿದರು. ಭರಮಣ್ಣ ನೆಲ ನೋಡಿದ. ಓಬಳಕ್ಕ ಎದ್ದು ದಂಡೆಗೆ ಬಂದಳು. "ಓಬಳಕ್ಕಾ, ನಾನು ಕಣೇ, ನಾಯಕ!" ಎಂದು ಅವನು ಕೈಯೆತ್ತಿದ. "ಕಾಣ್ತದೆ, ದೊರೆ," ಎಂದಳು. ತೆಪ್ಪದ ಹಗ್ಗ ಅವಳ ಕೈಯಲ್ಲೇ ಇತ್ತು. ಆ ಮೂವತ್ತು ಜನರ ಯೋಚನೆ ಮುಗಿಯುವಷ್ಟರಲ್ಲಿ ಕೂಗು ನಿಂತಿತ್ತು. ಮೂರು ಮಳೆಗಾಲದಿಂದ ಉರಿಯುತ್ತಿದ್ದ ಅವಳ ಹೊಟ್ಟೆ ಆಗ ತಣ್ಣಗಾಯಿತು. ನೀರಿನ ಅಂಚಿಗೆ ಕೂತು ಗಂಡನ ಹೆಸರು ಹಿಡಿದು ಕಾವಲಿಗೆಲ್ಲ ಕೇಳುವಂತೆ ಅತ್ತಳು.

ನಾಯಕನ ಮಗ ಮೆತ್ತಗಿನವನು. ಒರತೆಗಳ ಕಲ್ಲು ತೆಗೆಸಿದ, ಸುಣ್ಣದ ಕಲ್ಲುಗಳನ್ನು ಕೀಳಿಸಿದ, ಉಳಿದ ಮೊಂಡು ಗುಡ್ಡೆಯನ್ನು ಕಡಿದುಹಾಕು ಎಂದು ಓಬಳಕ್ಕನಿಗೆ ಹೇಳಿ ಕಳಿಸಿದ. ಕಡಿಯಬೇಕಾದವನು ಮೇಸ್ತ್ರಿ, ಅವನನ್ನು ಕರೆತಂದರೆ ಕಡಿಯುತ್ತಾನೆ ಎಂದು ಅವಳು ಉತ್ತರ ಕೊಟ್ಟಳಂತೆ. ಹಾಗಾಗಿ ಗುಡ್ಡೆ ಅಲ್ಲೇ ಇದೆ, ಏಡಿಗಳೂ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಬುಡದಲ್ಲಿ ಮುರಿದ ಚಪ್ಪಡಿಯ ಮೂಲೆಯೊಂದು ಕಾಣುತ್ತದೆ. ಈಚೆಗೆ ಪಂಚಾಯಿತಿಯವರು ಹೂಳೆತ್ತಿಸಿದಾಗ ಜೆಸಿಬಿ ಓಡಿಸುವವನು ಕೊಳವನ್ನೆಲ್ಲ ಬಳಿದು ಗುಡ್ಡೆಯೊಂದನ್ನು ಬಿಟ್ಟ. ಅದೊಂದು ಯಾಕಯ್ಯ ಉಳಿಯಿತು ಎಂದು ಇಂಜಿನಿಯರು ಗದರಿದರೆ, ಅವನು ಇಳಿದು ಬಂದು, "ಅದು ಸುಂಕಪ್ಪಂದು ಸಾರ್, ನಾವು ಮುಟ್ಟಂಗಿಲ್ಲ," ಎಂದನಂತೆ.