ತಾಯವ್ವನ ಕಲ್ಲು

ಹಿರೇಸಿದ್ದನಾಳದ ಉತ್ತರಕ್ಕಿರುವ ಬೋಳು ಗುಡ್ಡಕ್ಕೆ ತಾಯವ್ವನ ಕಲ್ಲು ಎಂದು ಹೆಸರು. ನೆತ್ತಿಯ ಮೇಲೆ ಗುಡಿಯಿಲ್ಲ, ಮೂರ್ತಿಯಿಲ್ಲ. ನೆತ್ತಿಯ ಬಂಡೆಗಳಿಗೆ ತುಸು ಕೆಳಗೆ ಒಂದು ಕಲ್ಲುಮನೆ ಇದೆ. ಗೋಡೆಗೆ ಮಣ್ಣಿಲ್ಲ, ಸುಣ್ಣವಿಲ್ಲ. ಮೇಲೆ ಹೊದಿಸಿದ್ದು ಚಪ್ಪಡಿ. ಬಾಗಿಲನ್ನು ಆನೆಗಾತ್ರದ ಬಂಡೆಯೊಂದು ಮುಚ್ಚಿದೆ. ಹೋದವರು ಹಿಂಬದಿಗೆ ಸುತ್ತಿ ಬಂದು, ನೆಲಮಟ್ಟದ ಒಂದು ಕಂಡಿಯಲ್ಲಿ ತಲೆ ತಗ್ಗಿಸಿ ಒಳಗೆ ನೋಡುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಕೋಟೆಗೋಡೆ ಇದ್ದ ಕಾಲಕ್ಕೆ, ಹುಲಿಗೆಪ್ಪನೆಂಬ ಗೋಡೆ ಕಟ್ಟುವವನಿದ್ದ ಎನ್ನುತ್ತಾರೆ. ಆ ಕಸುಬಿನವರಲ್ಲಿ ಒಂದು ಕಟ್ಟಳೆ: ಪ್ರತಿ ಗೋಡೆಯಲ್ಲೂ ಒಂದು ಕಲ್ಲನ್ನು ಸಂದಿಗೆ ಸಣ್ಣ ಕಲ್ಲಿನ ಚಕ್ಕೆ ಬಡಿದು ಬಿಗಿಯದೆ ಸಡಿಲ ಬಿಡಬೇಕು. ಅದು ಉಸಿರುಗಲ್ಲು. ಒಂದು ಮಳೆಗಾಲದಲ್ಲಿ ಹಾಗೆ ಸಡಿಲ ಬಿಟ್ಟು ಅವನು ಕಟ್ಟಿದ ಊರಬಾವಿಯ ಗೋಡೆ ಕುಸಿಯಿತು. ಗೌಡ ಹತ್ತು ಜನರೆದುರು, "ಹುಲಿಗೆಪ್ಪ, ಗ್ವಾಡಿ ಕಟ್ಟೂದು ಬಿಟ್ಟು ಬುಟ್ಟಿ ಹೆಣಿ. ಅದರಾಗ ಸಂದು ಇದ್ರೂ ನಡೀತೈತಿ" ಎಂದ. ಜನ ನಕ್ಕರು. ಮರುದಿನ ಹುಲಿಗೆಪ್ಪ ಹೆಂಡತಿ ತಾಯವ್ವನನ್ನು ಕರೆದುಕೊಂಡು ಗುಡ್ಡ ಹತ್ತಿದ. ಊರಿನ ಬೆಂಕಿ ಬೇಡ, ನೀರು ಬೇಡ, ಉಪ್ಪೂ ಬೇಡ. ಯಾರೂ ಮೇಲೆ ಬರಕೂಡದು ಎಂದು ಹೇಳಿಕಳಿಸಿದ. ಚಕಮಕಿಯಿಂದ ಒಲೆ ಹೊತ್ತಿಸಿದ. ಬಂಡೆಯ ದೊಣೆಯಲ್ಲಿ ಮಳೆನೀರು ಹಿಡಿದ. ಮನೆಯ ಬೆನ್ನನ್ನು ಊರಿಗೆ ಕೊಟ್ಟು, ಬಾಗಿಲನ್ನು ಮೇಲಿನ ಬಂಡೆಗಳ ಕಡೆ ಇಟ್ಟ. ಕಟ್ಟುವಾಗ ತಾಯವ್ವ ಕಲ್ಲು ಎತ್ತಿಕೊಡುತ್ತ ಒಮ್ಮೆ ಹೇಳಿದಳು.

"ಒಂದು ಕಲ್ಲು ಸಡ್ಲ ಬಿಡ್ರಿ. ಹಿರೇರು ಸುಮ್ನ ಹೇಳಿಲ್ಲ."

"ಬಿಟ್ಟದ್ದಕ್ಕ ಬಾವಿ ಹೋತು. ಚಕ್ಕಿ ಕೊಡು."

ನಾಲ್ಕು ವರ್ಷ ನವಣೆ ಬೆಳೆದು ಸಪ್ಪೆ ಅಂಬಲಿ ಕುಡಿದು ಬದುಕಿದರು. ಐದನೆಯ ಮಳೆಗಾಲದಲ್ಲಿ ಮೇಲಿನ ಬಂಡೆ ಜಾರಿ ಬಂದು ಬಾಗಿಲಿಗೆ ಕೂತಿತು; ಇಬ್ಬರೂ ಒಳಗೇ ಸಿಕ್ಕಿಬಿದ್ದರು. ಹೊಸ್ತಿಲ ಬಳಿ ಕಾಳು ಕೇರುತ್ತಿದ್ದ ತಾಯವ್ವನ ತಲೆಗೆ ಬಾಗಿಲವಾಡದ ಕಲ್ಲು ಬಡಿಯಿತು; ಅವಳಿಗೆ ಎಚ್ಚರ ತಪ್ಪಿತು. ಹಾರೆ, ಸುತ್ತಿಗೆ ಎಲ್ಲ ಹೊರಗೆ. ಒಳಗಿದ್ದದ್ದು ಅರೆಯುವ ಗುಂಡುಕಲ್ಲೊಂದೇ. ಚಪ್ಪಡಿ ಕದಲಲಿಲ್ಲ. ಹುಲಿಗೆಪ್ಪ ಬಲಗೋಡೆಗೆ ಬಡಿಯತೊಡಗಿದ. ಕಲ್ಲು ಕಲ್ಲನ್ನು ಕಚ್ಚಿ ಹಿಡಿದಿತ್ತು; ಹಿಡಿಸಿದವನು ಅವನೇ. ಕೂಗಿದ. ಬರಬೇಡಿ ಎಂದವನ ಕೂಗಿಗೆ ಯಾರು ಬಂದಾರು? ಎರಡನೆಯ ದಿನ ಕೊಡದ ನೀರು ತೀರಿತು. ಕೊನೆಯ ಹನಿಗಳನ್ನು ಅವಳ ತುಟಿಗೆ ಸವರಿದ. ಬೆರಳ ಉಗುರುಗಳು ಕಿತ್ತುಬಂದವು. ಮೂರನೆಯ ದಿನ ಅವಳು ಕಣ್ಣು ತೆರೆದಳು.

"ಅಲ್ಲ್ಯಾಕ ಬಡೀತೀರಿ?"

"ಮತ್ತೆಲ್ಲಿ ಬಡೀಲಿ?"

"ಒಲಿ ಹಿಂದ. ನೀವು ನೀರಿಗೆ ಹೋದಾಗ ಆ ಕಲ್ಲು ನಾ ಇಟ್ಟೆ. ಚಕ್ಕಿ ಬಡ್ದಿಲ್ಲ."

"ನಾಕು ವರ್ಷ ಹೇಳ್ಲಿಲ್ಲ?"

"ಹೇಳಿದ್ರ ಬಿಗೀತಿದ್ರಿ."

ಅವನು ಒಲೆ ಒದ್ದು ಕೆಡವಿ ಎರಡೂ ಕೈ ಹಾಕಿ ಎಳೆದ. ಮುದುಕಿಯ ಹಲ್ಲಿನಂತೆ ಕಲ್ಲು ಬಂತು. ತಾನು ನುಸುಳಿ ಹೊರಗೆ ಬಿದ್ದು, ತಿರುಗಿ ಅವಳ ತೋಳು ಹಿಡಿದು ಎಳೆದುಕೊಂಡ. ಬಿಸಿಲಿಗೆ ಬಂದಾಗ ಅವಳಲ್ಲಿ ಉಸಿರಿರಲಿಲ್ಲ.

ಹುಲಿಗೆಪ್ಪ ಅವಳನ್ನು ಹೊತ್ತು ಊರಿಗಿಳಿದ. ಗೌಡನೇ ಹೆಗಲು ಕೊಟ್ಟನಂತೆ. ಆಮೇಲೆ ಹುಲಿಗೆಪ್ಪ ತಾನು ಕಟ್ಟಿದ ಪ್ರತಿ ಮನೆಯಲ್ಲೂ ಮನೆಯೊಡತಿಯನ್ನು ಕರೆದು, ಒಂದು ಕಲ್ಲು ಅವಳ ಕೈಯಿಂದಲೇ ಇಡಿಸುತ್ತಿದ್ದ. ಎಲ್ಲಿಟ್ಟಳೆಂದು ನೋಡದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಈ ಸೀಮೆಯಲ್ಲಿ ಇಂದಿಗೂ ಹಾಗೇ ನಡೆಯುತ್ತದೆ.

ಕಿತ್ತ ಕಲ್ಲು ಕಂಡಿಯ ಪಕ್ಕದಲ್ಲೇ ಒಳಗೆ ಬಿದ್ದಿದೆ. ಹೆಂಗಸರು ಕಂಡಿಯಲ್ಲಿ ಕೈ ಚಾಚಿ ಅದಕ್ಕೆ ಕುಂಕುಮ ಹಚ್ಚುತ್ತಾರೆ. ಗೋಡೆಯ ಬೇರೊಂದು ಕಲ್ಲೂ ಈವರೆಗೆ ಅಲುಗಿಲ್ಲ. ಒಳಗೆ ಇಣುಕಿದರೆ ಬಲಗೋಡೆಯ ಮೇಲೆ ಗುಂಡುಕಲ್ಲಿನ ಬಿಳಿ ಪೆಟ್ಟುಗಳು ಕಾಣುತ್ತವೆ. ಒಲೆಯ ಮಸಿಯಿಂದ ಅಲ್ಲಿಗೆ ಎರಡು ಮಾರು ದೂರ.